ಚಾವಡಿಯಲ್ಲಿ ಆಫೀಸು, ಕೋಣೆಯಲ್ಲಿ ಮದ್ದಳೆ

ಕಲ್ಯಾಣಪುರ, ಉಡುಪಿ
2025 ಜುಲೈ 24, ಗುರುವಾರ

ಇವತ್ತು ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳಿನದ್ದು. ಕಾಫಿಗೆ ಮೊದಲು ಪಾಲೆ ಕಷಾಯ. ಬೆಂಗಳೂರಿನಲ್ಲಿದ್ದಷ್ಟು ವರ್ಷ ಈ ದಿನ ಅಮ್ಮ ಫೋನ್ ಮಾಡಿ, "ನಿಂಗೆ ಕಷಾಯ ಕುಡೀಲಿಕ್ಕೆ ಸಿಗ್ಲಿಲ್ಲ ಅಲ್ವಾ" ಅಂತ ಬೇಜಾರು ಮಾಡಿಕೊಳ್ಳುತ್ತಿದ್ದಳು. ನಾನೂ ಬೇಜಾರಾದವಳ ಹಾಗೆ ಹ್ಞೂಂಗುಟ್ಟುತ್ತಿದ್ದೆ. ಈಗ ಊರಿಗೇ ಬಂದು ಕೂತಾಯ್ತು, ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಅಪ್ಪ ಬೆಳಕು ಹರಿಯುವ ಮೊದಲೇ ಕೊಡೆ, ಟಾರ್ಚು ಹಿಡಿದು ಹೊರಟರು. ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಸೂರ್ಯ ಹುಟ್ಟುವ ಮೊದಲು ತೆಗೆಯಬೇಕು. ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ಎಬ್ಬಿಸಬೇಕು. ಮರಕ್ಕೆ ನಿನ್ನೆ ಹಗಲಲ್ಲೇ ಬಾಳೆ ಹಗ್ಗ ಕಟ್ಟಿ ಗುರುತು ಮಾಡಿ ಬಂದಿದ್ದರು. ಅದು ಆಗಲೇಬೇಕಾದ ಕೆಲಸ. ಕತ್ತಲಲ್ಲಿ ಗೊತ್ತಾಗದೆ ಕಾಸರಕ ಮರದ ಕೆತ್ತೆ ತಂದರೆ ಅದು ವಿಷ, ಕುಡಿದವರು ಬದುಕುವುದೇ ಕಷ್ಟ. ಪಾಲೆಯ ಗೆಲ್ಲಿನಲ್ಲಿ ಎಲೆಗಳು ಒಂದೇ ಗಂಟಿನ ಸುತ್ತ ಚಕ್ರದ ಹಾಗೆ ಕೂತಿರುತ್ತವೆ, ಹೆಚ್ಚಾಗಿ ಏಳು. ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಇದನ್ನೆಲ್ಲ ತೋರಿಸಲಿಕ್ಕೆ ನನ್ನ ಮಗನನ್ನೂ ಎಬ್ಬಿಸಿ ಕರೆದುಕೊಂಡು ಹೋಗಿದ್ದರು. ಶಾಲೆಗೆ ಅಂದರೆ ಹತ್ತು ಸಲ ಕರೆಯಬೇಕಾದ ಹುಡುಗ, ಅಜ್ಜ ಒಮ್ಮೆ ಕರೆದದ್ದಕ್ಕೆ ಎದ್ದು ಹೋಗಿದ್ದಾನೆ.

ಅಮ್ಮ ಕೆತ್ತೆಯನ್ನು ಕಡೆದು ರಸ ಹಿಂಡಿದಳು. ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿದಳು. ಒಲೆಯ ಕೆಂಡದಲ್ಲಿ ಕೆಂಪಗೆ ಕಾದ ಬಿಳಿ ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಅದರೊಳಗೆ ಬಿಟ್ಟಳು. ಚೊಂಯ್ ಅಂತ ಒಂದು ಶಬ್ದ, ಅಡುಗೆಮನೆ ತುಂಬ ಹೊಗೆ. ಮಗ ಚಪ್ಪಾಳೆ ತಟ್ಟಿದ. ಲೋಟ ಅವನ ಕೈಗೆ ಬಂದ ಮೇಲೆ ಚಪ್ಪಾಳೆ ನಿಂತಿತು. ಕಹಿ ಅಂದರೆ ಬಾಯಿಗಿಂತ ಗಂಟಲಲ್ಲಿ ಜಾಸ್ತಿ ನಿಲ್ಲುವ ಕಹಿ. ಆಮೇಲೆ ದೇಹ ತಂಪಾಗಲಿ ಅಂತ ಮೆಂತೆ ಗಂಜಿ, ತೆಂಗಿನ ಹಾಲು, ಬೆಲ್ಲ. ಗಂಜಿಗೋಸ್ಕರ ಬೇಕಾದರೆ ಇನ್ನೊಂದು ಲೋಟ ಕಷಾಯ ಕುಡಿದೇನು.

ರಾತ್ರಿ ಹನ್ನೆರಡೂವರೆ ತನಕ ಅಮೆರಿಕದ ಟೀಮಿನ ಜೊತೆ ಕಾಲ್ ಇತ್ತು. ಅದನ್ನು ಹೇಳಿದರೆ ಅಮ್ಮ, "ಹೌದು, ಮಾತಾಡ್ತಾ ಕೂತದ್ದು ಕೇಳ್ತಾ ಇತ್ತು" ಅಂದಳು. ಅಷ್ಟೇ.

ಊರಿಗೆ ಬಂದು ಕೂತ ಮೇಲೆ ಮೆಲ್ಲಮೆಲ್ಲ ಅರ್ಥವಾದ ಸಂಗತಿ ಇದು: ಈ ಮನೆಯಲ್ಲಿ ನನ್ನ ನೌಕರಿಗೆ ಇಲ್ಲದ ಮರ್ಯಾದೆ ಯಕ್ಷಗಾನದ ಮದ್ದಳೆ ಬಾರಿಸುವ ನನ್ನ ಹವ್ಯಾಸಕ್ಕೆ ಉಂಟು.

ನನ್ನ ಮೇಜು ಚಾವಡಿಯಲ್ಲಿದೆ. ವೈಫೈ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಆದರೆ ಮನೆಗೆ ಬಂದವರೆಲ್ಲ ಕೂರುವುದೂ ಅಲ್ಲೇ. ಬಾಳೆಗೊನೆ ಕೇಳಲು ಬಂದವರು, ಅಂಚೆಯವರು, ಸಂಬಂಧಿಕರು, ಎಲ್ಲರಿಗೂ ಅದೇ ಜಾಗ. ಆಟಿಯಲ್ಲಿ ಮದುವೆ ಮುಂಜಿ ಇಲ್ಲವಲ್ಲ, ಆಮಂತ್ರಣ ಕೊಟ್ಟು ಗಡಿಬಿಡಿಯಲ್ಲಿ ಹೋಗುವವರು ಯಾರೂ ಇಲ್ಲ. ಬರುವವರೆಲ್ಲ ಸುಮ್ನೆ ಮಾತಾಡಲಿಕ್ಕೆ ಬರುವವರು. ಇವತ್ತು ಹತ್ತು ಗಂಟೆಯ ಮೀಟಿಂಗಿನ ನಡುವೆ ದೊಡ್ಡಮ್ಮ ಕೆಸುವಿನ ಎಲೆಯ ಕಟ್ಟು ಹಿಡಿದು ಬಂದರು, ಪತ್ರೊಡೆ ಮಾಡಲಿಕ್ಕೆ. ಸೀದಾ ಬಂದು ನನ್ನ ಹಿಂದೆ ನಿಂತು ಸ್ಕ್ರೀನಿಗೆ ಬಗ್ಗಿ, "ಇವರೆಲ್ಲ ಯಾರು?" ಅಂದರು. ಪುಣೆಯ ಮ್ಯಾನೇಜರು ನಮಸ್ಕಾರ ಅಂದ. ದೊಡ್ಡಮ್ಮನಿಗೆ ಬಹಳ ಖುಷಿ. "ಪಾಪ, ಒಳ್ಳೇ ಹುಡುಗ. ಮದುವೆ ಆಗಿದೆಯಾ?" ಅಂತ ಕೇಳಿದರು. ಮೈಕು ಆನ್ ಇತ್ತು.

ಪಕ್ಕದ ಮನೆಯವರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಹಾಗಾಗಿ ಅವರೂ ಈಗ ಮನೆಯಲ್ಲೇ. ನಾನು ಹಗಲೆಲ್ಲ ಚಾವಡಿಯಲ್ಲಿ ಕೂತಿರುವುದನ್ನು ಕಂಡು ಮೊನ್ನೆ ಬೇಲಿಯಾಚೆಯಿಂದಲೇ ವಿಚಾರಿಸಿದರು. "ನಮ್ದು ಆಗಸ್ಟ್ ಒಂದಕ್ಕೆ ಶುರು ಆಗ್ತದೆ ಅಕ್ಕ. ನಿಮ್ದು ಯಾವಾಗ?"

ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಬಲೆ ಹಿಡಿದು ಕೂತರೆ ಹರಿದದ್ದು ಕಾಣುತ್ತದೆ, ಹೊಲಿದದ್ದೂ ಕಾಣುತ್ತದೆ. ನಾನು ಬೆಳಗಿನಿಂದ ಸಂಜೆ ತನಕ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತೇನೆ. ಕೊನೆಗೆ ತೋರಿಸಲಿಕ್ಕೆ ಎಂತದೂ ಇಲ್ಲ.

ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಲ್ಯಾಪ್‌ಟಾಪಿನ ಮೇಲೆ ಒದ್ದೆ ಬೈರಾಸು. ಮಳೆಗಾಲದಲ್ಲಿ ಬಟ್ಟೆ ಒಣಗುವ ಜಾಗಕ್ಕೆ ಬರ ನಿಜ. ಆದರೆ ಅದೇ ಹೊತ್ತಿಗೆ ಮದ್ದಳೆ ಎಲ್ಲಿತ್ತು ಗೊತ್ತಾ? ಬಚ್ಚಲ ಒಲೆಯ ಗೋಡೆಯಾಚೆಯ ಕೋಣೆಯಲ್ಲಿ, ಸ್ಟೂಲಿನ ಮೇಲೆ, ಹಳೇ ಪಂಚೆ ಹೊದ್ದು, ಬೆಚ್ಚಗೆ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ ಅಂತ ಅಪ್ಪ ದಿನಾ ಅಲ್ಲಿ ಇಡುತ್ತಾರೆ. ಮಧ್ಯೆ ಎದ್ದು ಹೋಗಿ ಬೆರಳಲ್ಲಿ ತಟ್ಟಿ ನೋಡುತ್ತಾರೆ. ನನ್ನ ಜ್ವರವನ್ನೂ ಇಷ್ಟು ಸಲ ಮುಟ್ಟಿ ನೋಡಿದ ನೆನಪಿಲ್ಲ.

ಮದ್ದಳೆ ಅಪ್ಪನದ್ದೇ. ಮೇಷ್ಟ್ರಾಗಿದ್ದಾಗ ಊರಿನ ಸಂಘದ ತಾಳಮದ್ದಳೆಗಳಿಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನಕ್ಕೆ, ಬಾರಿಸುತ್ತಿದ್ದರು. ಬೆರಳು ಗಂಟಿನ ನೋವು ಶುರುವಾದ ಮೇಲೆ ಅದು ಅಟ್ಟ ಸೇರಿತ್ತು. 1971ರಲ್ಲಿ ಶುರುವಾದ ಯಕ್ಷಗಾನ ಕೇಂದ್ರವೇ ಇಲ್ಲಿ ಇಂದ್ರಾಳಿಯಲ್ಲಿ ಉಂಟು, ಅಲ್ಲೇ ಉಳಿದು ಕಲಿಯುವ ಮಕ್ಕಳಿದ್ದಾರೆ. ಇಂಥ ಊರಿನಲ್ಲಿ ನಲವತ್ತು ದಾಟಿದವಳು ಮದ್ದಳೆ ಹಿಡಿಯುವುದು ನಗೆಪಾಟಲು ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಹೊಸ ಚರ್ಮದ ಮುಚ್ಚಿಗೆ ಹಾಕಿಸಿ ತಂದದ್ದೂ ಅಪ್ಪನೇ, ಗುರುಗಳನ್ನು ಹುಡುಕಿದ್ದೂ ಅಪ್ಪನೇ. ಗುರುಗಳು ಯಕ್ಷಗಾನ ಮೇಳದವರು. ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿದರೆ ಮತ್ತೆ ಹೊರಡುವುದು ನವೆಂಬರಿನಲ್ಲಿ. ಈ ಮಳೆಗಾಲದಲ್ಲೇ ಎಷ್ಟಾಗುತ್ತದೋ ಅಷ್ಟು ಕಲಿಯಬೇಕು.

ಗುರುವಾರ ಸಂಜೆ ಪಾಠ. ಸಂತೆಕಟ್ಟೆಯ ಅವರ ಮನೆಗೆ ಮದ್ದಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಕೂಟರಿನಲ್ಲಿ ಇಟ್ಟುಕೊಂಡು ಹೋದೆ. ಈಗ ತ್ರಿವುಡೆ ತಾಳ ನಡೀತಾ ಉಂಟು. ಏಳು ಅಕ್ಷರ. ಮೂರು ಸರಿಯಾಗಿ ಬರುತ್ತದೆ, ಮುಂದಿನ ನಾಲ್ಕರಲ್ಲಿ ಎಡಗೈ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಬಲಗೈ ಅಂಚಿಗೆ ಹೊಡೆದು ಎತ್ತುವುದರೊಳಗೆ ಎಡಗೈ ಗುಂ ಅನ್ನಬೇಕು. ನನ್ನದು ಬಡಿದ ಮೇಲೂ ಚರ್ಮಕ್ಕೇ ಅಂಟಿ ಕೂರುತ್ತದೆ, ನಾದ ಅಲ್ಲೇ ಸಾಯುತ್ತದೆ. ಗುರುಗಳು ಜಾಸ್ತಿ ಮಾತಾಡುವವರಲ್ಲ. ನನ್ನ ಮಣಿಕಟ್ಟು ಹಿಡಿದು ಒಮ್ಮೆ ಮೇಲಕ್ಕೆ ಎಳೆದರು. "ಹೊಡೆಯುವುದು ಗೊತ್ತುಂಟು, ಬಿಡ್ಲಿಕ್ಕೆ ಕಲೀರಿ" ಅಂದರು. ಆಮೇಲೆ ಒಂದೇ ಒಂದು ಸುತ್ತು ಸರಿಯಾಗಿ ಬಂತು. ಕೋಣೆ ಇಡೀ ತುಂಬುವ ಗುಂ. ಎರಡನೇ ಸುತ್ತಿಗೆ ಮತ್ತೆ ಮೊದಲಿನ ಹಾಗೇ.

ಮನೆಗೆ ಬಂದು ಕೈ ಕಾಲು ತೊಳೆದು ಅದನ್ನೇ ಬಾರಿಸಿದೆ. ಅಮ್ಮ ಪತ್ರೊಡೆಗೆ ಮಿಕ್ಸಿ ಹಾಕುವವಳು ನಿಲ್ಲಿಸಿದಳು. ಟಿವಿ ಶಬ್ದ ಇಳಿಯಿತು. ಯಾರೋ ಬಾಗಿಲಿಗೆ ಬಂದರು, ಅಮ್ಮ ಮೆಲ್ಲಗೆ, "ಅವಳು ಬಾರಿಸ್ತಾ ಇದ್ದಾಳೆ, ನಾಳೆ ಬನ್ನಿ ಆಯ್ತಾ" ಅಂತ ಕಳಿಸಿದಳು. ನನಗೆ ನಿಜವಾಗಿ ಹೊಟ್ಟೆಕಿಚ್ಚು ಬಂತು, ನನ್ನ ಲ್ಯಾಪ್‌ಟಾಪಿನ ಪರವಾಗಿ. ಈಚೆ ಕೋಣೆಯಿಂದ ಅಪ್ಪ ಮಾತ್ರ ಬಿಡಲಿಲ್ಲ. "ಎಡ ಕೇಳ್ತಾ ಇಲ್ಲ! ಎಡ!" ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್ ಆಗುತ್ತಿತ್ತು. ಇಲ್ಲಿ ಸುತ್ತಿಗೊಂದು.

ನನ್ನ ಗಂಡ ಶನಿವಾರ ಪಂಚಗಂಗಾ ರೈಲಿನಲ್ಲಿ ಬರುತ್ತಾರೆ. ಅವರ ಆಫೀಸಿನವರು ಇನ್ನೂ ಮನೆಯಿಂದ ಕೆಲಸಕ್ಕೆ ಒಪ್ಪಿಲ್ಲ, ವಾರಕ್ಕೊಮ್ಮೆ ರೈಲಿನ ಸಂಸಾರ. ಮಗನಿಗೆ ಅಪ್ಪ ಬರುವುದಕ್ಕಿಂತ ನಾಳೆ ಮಳೆಗೆ ರಜೆ ಸಿಗುತ್ತದಾ ಅನ್ನುವುದೇ ದೊಡ್ಡ ಚಿಂತೆ. ರಾತ್ರಿ ಊಟದ ತನಕ ಜಿಲ್ಲಾಧಿಕಾರಿಗಳ ಘೋಷಣೆಗೆ ನನ್ನ ಮೊಬೈಲು ಹಿಡಿದು ಕಾಯುತ್ತಾನೆ.

ಊಟದ ಹೊತ್ತಿಗೆ ಅಪ್ಪನ ಹಳೇ ಸಹೋದ್ಯೋಗಿಯೊಬ್ಬರ ಫೋನು. ಮಗಳು ಊರಿಗೆ ಬಂದಿದ್ದಾಳಂತೆ, ಈಗ ಎಂತ ಮಾಡ್ತಾಳೆ ಅಂತ ಆ ಕಡೆಯಿಂದ ಕೇಳಿರಬೇಕು. ಅಪ್ಪ ಯೋಚನೆಯನ್ನೇ ಮಾಡದೆ ಹೇಳಿದರು, "ಮದ್ದಳೆ ಕಲೀತಾ ಇದ್ದಾಳೆ. ತ್ರಿವುಡೆಗೆ ಬಂದಿದ್ದಾಳೆ." ಆಮೇಲೆ ಸ್ವಲ್ಪ ತಡೆದು, "ಮತ್ತೆ ಕಂಪ್ಯೂಟರಿಂದೂ ಎಂತದೋ ಉಂಟು."

ನಾಳೆ ಒಂಬತ್ತಕ್ಕೆ ಮೀಟಿಂಗ್. ದೊಡ್ಡಮ್ಮ ಪತ್ರೊಡೆ ತಿನ್ನಲು ಬೆಳಿಗ್ಗೆಯೇ ಬರುತ್ತಾರಂತೆ. ಮೇಜನ್ನು ಮದ್ದಳೆ ಕೋಣೆಗೆ ಸಾಗಿಸಿದರೆ ಯಾರೂ ಒಳಗೆ ಬರಲಿಕ್ಕಿಲ್ಲ. ಅಲ್ಲಿ ತನಕ ವೈಫೈ ಎಳೆಯಲಿಕ್ಕೆ ಎಷ್ಟು ಉದ್ದದ ಕೇಬಲ್ ಬೇಕು ಅಂತ ಅಳೆದಿಟ್ಟಿದ್ದೇನೆ.