ಬಾಲಾತಪದಲ್ಲಿ ಎಳೆಯದು ಯಾವುದು?

ಈ ವಾರ ಒಂದು ಬೆಳಿಗ್ಗೆ ತಂಗಿ ತನ್ನ ಎರಡು ತಿಂಗಳ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಜಗಲಿಯ ಎಳೆಬಿಸಿಲಿನಲ್ಲಿ ಕುಳಿತಿದ್ದಾಗ, ಪಕ್ಕದ ಮನೆಯ ಹಿರಿಯರು ಬೇಲಿಯ ಆಚೆಯಿಂದಲೇ, "ಬಾಲಾತಪ ವರ್ಜ್ಯ ಕಣಮ್ಮ, ಮನುವೇ ಹೇಳಿದ್ದಾನೆ; ಬಾಲರನ್ನು ಬಿಸಿಲಿಗೆ ಒಡ್ಡಬಾರದು" ಎಂದರು. "ಆಗಲಿ ಅಜ್ಜ" ಎಂದಷ್ಟೇ ಹೇಳಿ ಅವಳು ಎದ್ದುಬಿಟ್ಟಳು. ಬೆಳಕು ತೂರಿ ಕೆಂಪಗೆ ಹೊಳೆಯುತ್ತಿದ್ದ ಕೂಸಿನ ಕಿವಿಯ ಹಾಲೆಯನ್ನೇ ನೋಡುತ್ತಿದ್ದ ನನಗೆ ತಂಗಿಯ ಬಾಡಿದ ಮುಖ ಮೂರು ದಿನವಾದರೂ ಮರೆಯಲಿಲ್ಲ. ಹಿರಿಯರು ಕೇಡು ಬಯಸುವವರಲ್ಲ. ಆದರೆ ಬಾಣಂತಿಯೊಬ್ಬಳನ್ನು ಹೆದರಿಸುವ ಮೊದಲು ಮಾತಿನ ಅರ್ಥವನ್ನು ಒಮ್ಮೆ ನೋಡಿಕೊಳ್ಳಬೇಕಿತ್ತು.

'ಬಾಲಾತಪ' ಎಂದರೆ ಬಾಲರಿಗೆ ತಾಗುವ ಬಿಸಿಲಲ್ಲ. ಅದು ಬಾಲವಾದ ಆತಪ, ಅಂದರೆ ಆಗಷ್ಟೇ ಹುಟ್ಟಿದ ಬಿಸಿಲು. ನಮ್ಮ 'ಎಳೆಬಿಸಿಲು' ಎಂಬ ಮಾತಿನಲ್ಲಿಯೂ ಎಳೆತನ ಬಿಸಿಲಿನದೇ ಹೊರತು ಅದರಲ್ಲಿ ಕುಳಿತವರದಲ್ಲ. ಮನುಸ್ಮೃತಿಯ 4ನೆಯ ಅಧ್ಯಾಯದ 69ನೆಯ ಶ್ಲೋಕವು ಬಾಲಾತಪವನ್ನು ಹೆಣದ ಹೊಗೆ ಮತ್ತು ಮುರಿದ ಆಸನಗಳ ಜೊತೆಗೆ ವರ್ಜ್ಯವೆನ್ನುವುದು ನಿಜವೇ. ಆದರೆ ಆ ಅಧ್ಯಾಯದ ನಿಯಮಗಳು ವಿದ್ಯಾಭ್ಯಾಸ ಮುಗಿಸಿ ಗೃಹಸ್ಥನಾದ ಸ್ನಾತಕನಿಗೆ ಹೇಳಿದವು, ತೊಟ್ಟಿಲ ಕೂಸಿಗಲ್ಲ. ವ್ಯಾಖ್ಯಾನಕಾರ ಮೇಧಾತಿಥಿಯ ಪ್ರಕಾರ ಬಾಲಾತಪವೆಂದರೆ ಸೂರ್ಯ ಹುಟ್ಟಿದ ಮೇಲಿನ ಮೂರು ಮುಹೂರ್ತಗಳ ಬಿಸಿಲು. ಮುಹೂರ್ತವೊಂದಕ್ಕೆ 48 ನಿಮಿಷದಂತೆ ಲೆಕ್ಕ ಹಾಕಿದರೆ 2 ಗಂಟೆ 24 ನಿಮಿಷವಾಗುತ್ತದೆ. ಸೂರ್ಯ ಕನ್ಯಾರಾಶಿಯಲ್ಲಿರುವಾಗಿನ ಬಿಸಿಲೇ ಬಾಲಾತಪ ಎಂಬ ಇನ್ನೊಂದು ಮತವನ್ನೂ ವ್ಯಾಖ್ಯಾನಗಳು ಹೇಳುತ್ತವೆ. ಹಿಂದಿನವರಲ್ಲಿಯೇ ಹೀಗೆ ಎರಡು ಮತವಿದ್ದ ಶಬ್ದವನ್ನು ಹಿರಿಯರು ಬೇಲಿಯಾಚೆಯಿಂದ ತೀರ್ಪಿನಂತೆ ಎಸೆದರಲ್ಲ ಎಂಬುದೇ ನನ್ನ ನೋವು.

ಇದೇ ಶಬ್ದವನ್ನು ಕಾಳಿದಾಸ ರಘುವಂಶದ 6ನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರಕ್ಕೆ ಬಂದ ಪಾಂಡ್ಯರಾಜನನ್ನು ಬಣ್ಣಿಸುವಾಗ ಬಳಸಿದ್ದಾನೆ. ಹೆಗಲಿನಿಂದ ಇಳಿಬಿದ್ದ ಹಾರ ಮತ್ತು ಮೈಗೆ ಪೂಸಿದ ಹರಿಚಂದನದಿಂದ ಆ ರಾಜ, ಬಾಲಾತಪ ಬಿದ್ದು ತಪ್ಪಲು ಕೆಂಪಾದ, ಝರಿಗಳು ಧುಮುಕುವ ಪರ್ವತರಾಜನಂತೆ ಕಾಣುತ್ತಾನೆ. ಅಲ್ಲಿ ದೋಷದ ಸುಳಿವೇ ಇಲ್ಲ, ಬರೀ ಚೆಲುವು.

ನಿನ್ನೆ ಇದನ್ನೆಲ್ಲ ತಂಗಿಗೆ ಓದಿ ಹೇಳಿದೆ. ಅವಳು ಕಾಳಿದಾಸನ ಶ್ಲೋಕವನ್ನು ಎರಡು ಸಲ ಕೇಳಿಸಿಕೊಂಡಳು. ಇಂದು ಬೆಳಿಗ್ಗೆ ಜಗಲಿಯಲ್ಲಿ ಕೂಸಿನ ಕಿವಿ ಮತ್ತೆ ಕೆಂಪಗೆ ಹೊಳೆಯುತ್ತಿತ್ತು.