ಮಾವನ ಕಾಲಿಗೆ ಕಸಿ

18 ಜುಲೈ 2024, ಗುರುವಾರ
ಕೋಲಾರ

ರೌಂಡ್ಸಿಗೆ ಬಂದ ಡಾಕ್ಟರು ಇವತ್ತು ಮಾವನ ಎರಡು ಕಾಲುಗಳ ನಡುವಿನ ಚರ್ಮದ ಪಟ್ಟಿಗೆ ರಬ್ಬರ್ ಕೊಳವೆ ಬಿಗಿದು ಕಟ್ಟಿದರು. ಎಡಗಾಲಿನ ರಕ್ತ ನಿಂತರೂ ಬಲಗಾಲಿನ ಗಾಯಕ್ಕೆ ಹೊಲಿದಿರುವ ಎಡಗಾಲಿನ ಚರ್ಮ, ಅಂದರೆ ಫ್ಲ್ಯಾಪ್, ಬದುಕುತ್ತದಾ ಅಂತ ನೋಡುವುದಕ್ಕೆ. ಬಿಳಿಚಿಕೊಂಡರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ. ಅತ್ತೆ, ನಾನು, ಪಕ್ಕದ ಬೆಡ್ಡಿನವರು ಎಲ್ಲ ಅದನ್ನೇ ನೋಡುತ್ತಾ ಕೂತೆವು. ಬಣ್ಣ ಬದಲಾಗಲಿಲ್ಲ. ಸಿಸ್ಟರ್ ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನಲ್ಲಿ ಮತ್ತೆ ರಂಗು ಬಂತು.

ಶ್ರೀನಿವಾಸಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ಬಲಗಾಲಿನಲ್ಲಿ ಪಾದದ ಗಂಟಿನ ಸ್ವಲ್ಪ ಮೇಲೆ ಮೂಳೆಯೇ ಕಾಣುತ್ತಿತ್ತು. ತೊಡೆಯ ಚರ್ಮ ತೆಗೆದು ಹಾಕಿದರೆ ಆಗಲ್ವಾ ಅಂತ ಮನೆಯವರೆಲ್ಲ ಕೇಳಿದ್ದೇ ಕೇಳಿದ್ದು. ಆಗಲ್ಲ. ತೆಳ್ಳಗೆ ಕೊಯ್ದ ಚರ್ಮಕ್ಕೆ ಸ್ವಂತ ರಕ್ತದ ಸರಬರಾಜು ಇರುವುದಿಲ್ಲ, ಕೆಳಗಿನ ಜಾಗದಿಂದಲೇ ಪಡೆಯಬೇಕು. ಮೇಲಿನ ಪೊರೆಯೂ ಕಿತ್ತುಹೋದ ಬೋಳು ಮೂಳೆ ಏನು ಕೊಟ್ಟೀತು? ಮಂಡಿಯ ಹತ್ತಿರ ಗಾಯವಾಗಿದ್ದರೆ ಮೀನಖಂಡದ ಮಾಂಸವನ್ನೇ ತಿರುಗಿಸಿ ಮುಚ್ಚಬಹುದಿತ್ತಂತೆ. ಪಾದದ ಕಡೆ ಇಳಿದಷ್ಟೂ ಮಾಂಸ ಕಮ್ಮಿ. ಮೈಕ್ರೋಸ್ಕೋಪಿನಲ್ಲಿ ನಾಳಕ್ಕೆ ನಾಳ ಹೊಲಿಯೋಣ ಅಂದರೆ ಆ ಕಾಲಿನ ನಾಳಗಳೂ ಜಜ್ಜಿಹೋಗಿದ್ದವು.

ಉಳಿದಿದ್ದು ಕ್ರಾಸ್ ಲೆಗ್ ಫ್ಲ್ಯಾಪ್. ಎಡ ಮೀನಖಂಡದ ಚರ್ಮವನ್ನು ಕೊಬ್ಬಿನ ಸಮೇತ ಮೂರು ಕಡೆ ಬಿಡಿಸಿ ಬಲಗಾಲಿನ ಗಾಯಕ್ಕೆ ಹೊಲಿದರು. ನಾಲ್ಕನೇ ಕಡೆ ಎಡಗಾಲಿನಲ್ಲೇ ಉಳಿಯಿತು, ರಕ್ತ ಅಲ್ಲಿಂದಲೇ. ಬಿಡಿಸಿದ ಜಾಗಕ್ಕೆ ತೊಡೆಯ ಚರ್ಮ. ಅಲುಗಾಡದ ಹಾಗೆ ಎರಡೂ ಕಾಲಿಗೆ ಸೇರಿಸಿ ರಾಡ್, ಮೂರು ವಾರ.

ಮಾವನಿಗೆ ಇದು ನಮಗಿಂತ ಬೇಗ ಅರ್ಥವಾಯಿತು. ಮಾವಿನ ತೋಟದವರು ಅಲ್ವಾ? ತಾಯಿಮರದಿಂದ ಕಡಿಯದೇ ಕೊಂಬೆಯನ್ನು ಸಸಿಗೆ ಕಟ್ಟಿ, ಹಿಡಿದ ಮೇಲೆ ಬೇರೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದವರು. "ಆತುರಕ್ಕೆ ಕೊಯ್ದರೆ ಒಣಗಿಹೋಗುತ್ತೆ ಕಣೋ" ಅಂತ ನನಗೇ ಪಾಠ ಹೇಳಿದರು. ಅವರನ್ನು ಹಣ್ಣು ಮಾಡಿದ್ದು ಬೆಡ್‌ಪ್ಯಾನು ಮತ್ತು ಬೀಡಿ. ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿ ಮಾಡುತ್ತದೆ, ಸೇದಿದರೆ ಫ್ಲ್ಯಾಪ್ ಸಾಯಬಹುದು ಅಂತ ಡಾಕ್ಟರು ಹೇಳಿದ್ದೇ ತಡ, ನೋಡಲು ಬರುವ ಊರಿನವರ ಜೇಬಿಗೆಲ್ಲ ಬಾಗಿಲಲ್ಲೇ ಅತ್ತೆಯ ತಪಾಸಣೆ.

ಈ ವಿದ್ಯೆಯ ಬೇರು ನಮ್ಮ ಕಡೆಯದೇ. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಗಾಡಿ ಹೊಡೆಯುವವನಿಗೆ ಪುಣೆಯ ಕಡೆ ಹಣೆಯ ಚರ್ಮ ಇಳಿಸಿ ಮೂಗು ಮಾಡಿದ್ದು, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲೂ ಒಂದು ಎಳೆಯನ್ನು ಹಣೆಗೇ ಬಿಟ್ಟು, ಆಮೇಲೆ ಕತ್ತರಿಸಿದ್ದು. ಮಾವನಿಗೆ ಓದಿ ಹೇಳಿದೆ. "ಅವನಿಗೆ ಅನಸ್ತೇಶಿಯಾ ಕೊಟ್ಟಿದ್ರಾ?" ಅಂದರು. ಆಗ ಎಲ್ಲಿತ್ತು!

ನಾಳೆ ಬೆಳಿಗ್ಗೆ ಥಿಯೇಟರಿನಲ್ಲಿ ಪಟ್ಟಿ ಕತ್ತರಿಸುತ್ತಾರೆ. ಮೂಳೆ ಕೂಡುವುದಕ್ಕೆ ಇನ್ನೂ ತಿಂಗಳುಗಳು ಬೇಕು, ಬಿಗಿದ ಮಂಡಿಗೆ ಫಿಸಿಯೋ ಬೇರೆ. ಫ್ಲ್ಯಾಪ್ ದಪ್ಪಗೆ ಉಬ್ಬಿಕೊಂಡಿದೆ, ಬೇಕಾದರೆ ಮುಂದೆ ಕೊಬ್ಬು ತೆಗೆದು ತೆಳ್ಳಗೆ ಮಾಡಬಹುದು ಅಂದರು ಡಾಕ್ಟರು.

"ಏನೂ ಬೇಡ. ಪಂಚೆ ಉಟ್ಟರೆ ಯಾರಿಗೆ ಕಾಣುತ್ತೆ?" ಅಂದರು ಮಾವ.

"ನೀವು ಯಾವತ್ತು ಪಂಚೆ ಇಳಿಬಿಟ್ಟಿದ್ದೀರಿ?" ಅಂದರು ಅತ್ತೆ.