ಏಳನೇ ದಿನದ ಹಾಜರಿ

ಈ ಜೂನಿನಲ್ಲಿ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಯೆದುರು ಒಂದು ಜೀಪು ಹೋಯಿತು. ಹಿಂದೆ ಮಕ್ಕಳು, ಮುಂದೆ ಮಕ್ಕಳು. ಡ್ರೈವರನ ಪಕ್ಕದಲ್ಲಿ ಒಬ್ಬರು ಟೀಚರ್, ಅವರ ಮಡಿಲಲ್ಲಿ ಇನ್ನೊಂದು ಮಗು. ನಾನು ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ. ಆರನೇ ದಿನ.

ಕೇರಳದ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಆರನೇ ದಿನ ಎಂತದ್ದೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಶಾಲೆ ಶುರುವಾಗಿ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಎನ್ನುವುದರ ಮೇಲೆ ಆ ವರ್ಷದ ಟೀಚರ್ ಪೋಸ್ಟುಗಳು ನಿಂತಿರುತ್ತವೆ. ಸಣ್ಣ ಕ್ಲಾಸುಗಳಲ್ಲಿ 30 ಮಕ್ಕಳಿಗೆ ಒಬ್ಬರು ಎಂದು ಲೆಕ್ಕ. ಇಬ್ಬರು ಮೂವರು ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಹೋಗುತ್ತದೆ. ಡಿವಿಷನ್ ಹೋದರೆ ಒಬ್ಬರ ಕೆಲಸಕ್ಕೆ ಕುತ್ತು. ಹಾಗಾಗಿ ಆ ದಿನ ಜ್ವರದ ಮಗುವೂ ಬರುತ್ತದೆ, ಅಜ್ಜಿ ಮನೆಗೆ ಹೋದದ್ದೂ ಬರುತ್ತದೆ. ಬರದಿದ್ದರೆ ನಾವು ಹೋಗಿ ತರುತ್ತೇವೆ.

ಮರುದಿನ ಅದೇ ಹೊತ್ತಿಗೆ ಅಂಗಳ ಗುಡಿಸುತ್ತಿದ್ದೆ. ಆಚೆ ಗುಡ್ಡೆಯ ಇಬ್ಬರು ಮಕ್ಕಳು ಬ್ಯಾಗು ಹಾಕಿಕೊಂಡು ಗೇರುಮರದ ಬುಡದಲ್ಲಿ ಕೂತಿದ್ದರು. "ಎಂತ ಮಕ್ಕಳೇ, ಶಾಲೆ ಇಲ್ವಾ?" ಎಂದೆ. ಚಿಕ್ಕವನು ತುಳುವಿನಲ್ಲಿ ಹೇಳಿದ, "ಜೀಪು ಬೈದಿಜಿ ಟೀಚರ್." ಜೀಪು ಬಂದಿಲ್ಲ.

ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಯಾಕೆಂದರೆ 29 ವರ್ಷ ಅದೇ ಜೀಪಿನ ಮುಂದಿನ ಸೀಟಿನಲ್ಲಿ ಕೂತವಳು ನಾನು. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡೆಯ ಮೇಲಿನ ಒಂದು ಅನುದಾನಿತ ಕನ್ನಡ ಶಾಲೆ. ಹೆಸರು ಬೇಡ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಎಲ್ಲವನ್ನೂ ಕಲಿಸಿದ್ದೇನೆ. ಎರಡು ವರ್ಷದ ಹಿಂದೆ, ಕೇರಳದ ಪದ್ಧತಿಯಂತೆ 56ಕ್ಕೆ ನಿವೃತ್ತಿ.

ಮಕ್ಕಳು ಯಾಕೆ ಶಾಲೆಗೆ ಬರುವುದಿಲ್ಲ ಎಂದು ಯಾರಾದರೂ ಕೇಳಿದರೆ ಸ್ಟಾಫ್ ರೂಮಿನಲ್ಲಿ ಉತ್ತರ ರೆಡಿ ಇರುತ್ತಿತ್ತು. "ಮನೆ ಸರಿ ಇಲ್ಲ." ಟ್ರೈನಿಂಗಿನಲ್ಲಿ ನಮಗೆ ಕೋಲ್ಮನ್ ವರದಿ ಎಂದು ಒಂದು ಪಾಠ ಇತ್ತು. 1966ರದ್ದು, ಅಮೆರಿಕದ್ದು. ಸುಮಾರು 6 ಲಕ್ಷ ಮಕ್ಕಳನ್ನು ನೋಡಿ ಬರೆದದ್ದು. ಶಾಲೆಯ ಕಟ್ಟಡ, ದುಡ್ಡು ಇವುಗಳಿಗಿಂತ ಮಗುವಿನ ಮನೆಯ ಸ್ಥಿತಿಗೇ ಕಲಿಕೆಯ ಜೊತೆ ಜಾಸ್ತಿ ಸಂಬಂಧ ಎಂದು ಅದರಲ್ಲಿತ್ತು. ಪರೀಕ್ಷೆಗೆ ನಾವೆಲ್ಲ ಕಂಠಪಾಠ ಮಾಡಿದ್ದು ಅಷ್ಟನ್ನೇ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಶಾಲೆ ಚೆನ್ನಾಗಿದ್ದರೆ, ಟೀಚರ್ ಚೆನ್ನಾಗಿದ್ದರೆ ಅದರಿಂದ ಜಾಸ್ತಿ ಲಾಭ ಆಗುವುದು ಮನೆಯಲ್ಲಿ ಏನೂ ಇಲ್ಲದ ಮಗುವಿಗೆ. ಈ ಸಾಲನ್ನು ನಾನು ಓದಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ "ಮನೆ ಸರಿ ಇಲ್ಲ" ಎಂದು ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು.

ಆ ರೂಢಿ ಬಿಡಿಸಿದ್ದು ಒಬ್ಬ ಹುಡುಗ. ಮೂರನೇ ಕ್ಲಾಸು. ಲೆಕ್ಕದಲ್ಲಿ 42ರಿಂದ 17 ಕಳೆ ಎಂದರೆ 35 ಎಂದು ಬರೆಯುತ್ತಿದ್ದ. ನಾಲ್ಕರಲ್ಲಿ ಒಂದು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು. ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಎಂದು ಮಾತ್ರ ಅವನಿಗೆ ಗೊತ್ತು. ಪಕ್ಕದಿಂದ ಒಂದು ಹತ್ತು ಸಾಲ ತರುವುದು ಗೊತ್ತೇ ಇಲ್ಲ. ನಾನು ಸಾಲ ತರುವುದನ್ನು ಕಲಿಸಿದ ದಿನ ಇವನೆಲ್ಲಿದ್ದ ಎಂದು ಹಾಜರಿ ಪುಸ್ತಕ ತೆಗೆದೆ. ಇರಲಿಲ್ಲ. ಅದರ ಹಿಂದಿನ ವಾರವೂ ಅದೇ ದಿನ ಇರಲಿಲ್ಲ. ಬೆರಳಿಟ್ಟು ಮೇಲೆ ಹೋದೆ. ಜೂನ್ ಮಧ್ಯದಿಂದ ಮಂಗಳವಾರ, ಮಂಗಳವಾರ, ಮಂಗಳವಾರ. ಎಂಟು ಮಂಗಳವಾರ. ಸೋಮವಾರ ಬರುತ್ತಾನೆ, ಬುಧವಾರ ಬರುತ್ತಾನೆ, ಮಂಗಳವಾರ ಮಾತ್ರ ಇಲ್ಲ.

ಕೇಳಿದರೆ "ಹೊಟ್ಟೆನೋವು." ವಾರಕ್ಕೊಮ್ಮೆ ತಿಥಿ ನೋಡಿ ಬರುವ ಹೊಟ್ಟೆನೋವು ಉಂಟಾ?

ಒಂದು ಮಂಗಳವಾರ ಶಾಲೆ ಬಿಟ್ಟ ಮೇಲೆ ಅವನ ಮನೆಗೆ ಹೋದೆ. ತೋಡು ದಾಟಲು ಎರಡು ಅಡಿಕೆ ಮರ ಹಾಕಿದ ಸಂಕ. ಕೊಡೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಅವನ ಅಮ್ಮ ಒಲೆಯ ಮುಂದೆ ಇದ್ದರು. ಒಲೆಯ ಮೇಲೆ ಒಂದು ಹಗ್ಗ, ಹಗ್ಗದಲ್ಲಿ ನಮ್ಮ ಶಾಲೆಯ ನೀಲಿ ಚಡ್ಡಿ, ಬಿಳಿ ಅಂಗಿ. ಒಂದೇ ಜೊತೆ. ಆಗ ಈಗಿನ ಹಾಗೆ ಸರ್ಕಾರದ ಕೈಮಗ್ಗದ ಬಟ್ಟೆ ಬರುತ್ತಿರಲಿಲ್ಲ. ಸೋಮವಾರ ಒದ್ದೆಯಾಗಿ ಬಂದದ್ದು ಮಂಗಳವಾರ ಬೆಳಿಗ್ಗೆಗೆ ಒಣಗುವುದಿಲ್ಲ. ಬುಧವಾರ ಕಲರ್ ಡ್ರೆಸ್ಸಿನ ದಿನ, ಹಾಗಾಗಿ ತೊಂದರೆ ಇಲ್ಲ. ಬುಧವಾರದ ಹೊತ್ತಿಗೆ ಯೂನಿಫಾರ್ಮೂ ಒಣಗಿರುತ್ತದೆ, ಗುರುವಾರಕ್ಕೆ ಆಗುತ್ತದೆ. ಶುಕ್ರವಾರ ಹೇಗೆ ಬರುತ್ತಿದ್ದ ಎಂದು ಕೇಳಿದೆ. "ಶುಕ್ರವಾರ ಹಸಿಯಲ್ಲೇ ಹಾಕಿಕೊಂಡು ಹೋಗ್ತಾನೆ ಟೀಚರ್, ಅವತ್ತು ಊಟಕ್ಕೆ ಮೊಟ್ಟೆ ಅಲ್ವಾ" ಎಂದರು.

ಹಾಗಿದ್ದರೆ ಮಂಗಳವಾರವೂ ಒಲೆಯ ಮೇಲಿನದ್ದನ್ನೇ ಹಾಕಿಕೊಂಡು ಬರಬಹುದಿತ್ತಲ್ಲ ಎಂದೆ. ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಒಲೆಯ ಮೇಲೆ ಹಾಕಿದರೆ ಹೊಗೆ ವಾಸನೆ ಬರ್ತದೆ ಟೀಚರ್. ಶಾಲೆಯಲ್ಲಿ ಯಾರೋ ಹೇಳಿದರಂತೆ."

ಯಾರೋ ಅಲ್ಲ. ನಾನೇ. ಜೂನಿನಲ್ಲಿ ಅವನ ಪುಸ್ತಕ ತಿದ್ದಲು ಬಗ್ಗಿದಾಗ, "ಎಂತ ಮಾರಾಯ, ಸುಟ್ಟ ಮೀನಿನ ಹಾಗೆ ಹೊಗೆ ವಾಸನೆ!" ಎಂದಿದ್ದೆ. ಸುಮ್ನೆ ತಮಾಷೆಗೆ. ಕ್ಲಾಸೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ.

ಹೆಡ್ ಮಾಷ್ಟ್ರಿಗೆ ಹೇಳಿ ಮಳೆಗಾಲ ಮುಗಿಯುವವರೆಗೆ ಮಂಗಳವಾರವೂ ಕಲರ್ ಡ್ರೆಸ್ ಎಂದು ಮಾಡಿಸಿದೆ. ಕಾರಣ ಯಾರಿಗೂ ಹೇಳಲಿಲ್ಲ. ಮುಂದಿನ ಮಂಗಳವಾರ ಬಂದ. ಕಳೆಯುವ ಲೆಕ್ಕ ಸರಿಯಾಗಲು ಮಾತ್ರ ದೀಪಾವಳಿ ಬರಬೇಕಾಯಿತು. ಹೋದ ದಿನವನ್ನು ಒಂದು ಅಂಗಿಯಿಂದ ವಾಪಸು ತರಲಿಕ್ಕಾಗುವುದಿಲ್ಲ.

ಆ ವರ್ಷದಿಂದ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಯಾರು ಬರಲಿಲ್ಲ, ಯಾವ ವಾರ, ಏನು ಕಾರಣ. ಸರ್ಕಾರಕ್ಕೆ ತೋರಿಸುವುದಕ್ಕೆ ಅಲ್ಲ. ಈಗ ಹಾಜರಿ ಎಲ್ಲ ಆನ್‌ಲೈನ್. ಆದರೆ ಕಂಪ್ಯೂಟರಿಗೂ ಬಂದ, ಬರಲಿಲ್ಲ, ಇಷ್ಟೇ ಬೇಕಾದದ್ದು.

ಅಮೆರಿಕದಲ್ಲಿ ಒಂದು ಅಳತೆ ಇದೆ. ಶಾಲಾ ದಿನಗಳಲ್ಲಿ 10 ಶೇಕಡಾ ತಪ್ಪಿಸಿದರೆ ಆ ಮಗುವಿನ ಬಗ್ಗೆ ಚಿಂತೆ ಮಾಡಬೇಕು ಎಂದು. ನಮ್ಮ 200 ದಿನಕ್ಕೆ ಅದು 20 ದಿನ. ತಿಂಗಳಿಗೆ ಎರಡು. ಕೇಳಲು ಏನೂ ಅಲ್ಲ ಅನಿಸುತ್ತದೆ. ಶಾಲೆ ಬಿಟ್ಟ ಮಗುವನ್ನು ಹುಡುಕಿಕೊಂಡು ಎಲ್ಲರೂ ಬರುತ್ತಾರೆ, ಪಂಚಾಯತ್ ಮೆಂಬರ್ ಕೂಡ. ತಿಂಗಳಿಗೆ ಎರಡು ದಿನ ತಪ್ಪಿಸುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅಂಥವರೇ ಜಾಸ್ತಿ.

ಇನ್ನೊಂದು ಹೆಸರು ನೆನಪಿಗೆ ಬರುತ್ತದೆ, ಹೆಸರು ಹೇಳುವುದಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ, ಚುರುಕು. ಎಣ್ಮಕಜೆ ಕಡೆಯವರಿಗೆ ಎಂಡೋಸಲ್ಫಾನ್ ವಿಷಯ ಹೊಸದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಅದು. ಇವಳ ಅಣ್ಣನಿಗೆ ನಡೆಯಲು ಆಗುವುದಿಲ್ಲ, ಮಾತು ಬರುವುದಿಲ್ಲ. ಅಮ್ಮ ಕೂಲಿಗೆ ಹೋದ ದಿನ ಅಣ್ಣನ ಹತ್ತಿರ ಇವಳು. ಎಂಡೋಸಲ್ಫಾನ್ ರೋಗಿಗಳ ಪಟ್ಟಿಯಲ್ಲಿ ಅಣ್ಣನ ಹೆಸರು ಉಂಟು. ತಂಗಿಯ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಆಮೇಲೆ ಬಡ್ಸ್ ಶಾಲೆಯ, ಅಂದರೆ ಅಂಥ ಮಕ್ಕಳಿಗೆಂದೇ ಇರುವ ವಿಶೇಷ ಶಾಲೆಯ ವ್ಯಾನು ಬಂದು ಅಣ್ಣನನ್ನು ಕರೆದುಕೊಂಡು ಹೋಗತೊಡಗಿತು. ತಂಗಿಯ ಹಾಜರಿ ತನ್ನಷ್ಟಕ್ಕೆ ಸರಿಯಾಯಿತು. ನಾನೇನೂ ಮಾಡಲಿಲ್ಲ.

ಮಳೆಯದ್ದು ಬೇರೆ ಕಥೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಶಾಲೆ ಶುರುವಾದ ಮೂರು ತಿಂಗಳಲ್ಲೇ. ರೆಡ್ ಅಲರ್ಟ್ ಎಂದರೆ ಕಲೆಕ್ಟರ್ ಶಾಲೆಗೆ ರಜೆ ಕೊಡುತ್ತಾರೆ. ರಾತ್ರಿ ಮಕ್ಕಳು ಅಪ್ಪನ ಫೋನಿನಲ್ಲಿ ಕಲೆಕ್ಟರರ ಫೇಸ್‌ಬುಕ್ ಪೇಜನ್ನು ದೇವರ ಫೋಟೋದ ಹಾಗೆ ನೋಡುತ್ತಾ ಕೂರುತ್ತಾರೆ. ರಜೆ ಕೊಟ್ಟ ದಿನ ಬಿಸಿಲು ಬರುವುದೂ ಉಂಟು, ಅದು ಬಿಡಿ. ಬಸ್ಸಿನದ್ದು ದೊಡ್ಡ ಮಕ್ಕಳ ಗೋಳು. ಕೇರಳದಲ್ಲಿ ಬಸ್ಸಿಗೆ ಮಿನಿಮಮ್ 10 ರೂಪಾಯಿ, ಶಾಲೆ ಮಕ್ಕಳಿಗೆ 1 ರೂಪಾಯಿ. ಯೂನಿಫಾರ್ಮಿನ ಗುಂಪು ಕಂಡರೆ ಕೆಲವು ಬಸ್ಸುಗಳಿಗೆ ಸ್ಟಾಪು ಮರೆತು ಹೋಗುತ್ತದೆ. ಬೆಳಿಗ್ಗೆ ಒಂದು ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ಹೋಯಿತು. ಮೊದಲ ಪಿರಿಯಡ್ ಯಾವಾಗಲೂ ಗಣಿತ ಇರಬೇಕೇ?

ಕೋಲ, ನೇಮ, ಬಯಲಾಟ, ಉರೂಸು, ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು). ಇವುಗಳ ಮರುದಿನ ಅರ್ಧ ಕ್ಲಾಸು ಖಾಲಿ. ಇದಕ್ಕೆ ಕೆಲವು ಟೀಚರ್‌ಗಳು ಸಿಟ್ಟಾಗುತ್ತಾರೆ. ನಾನು ಯಾವತ್ತೂ ಸಿಟ್ಟಾಗಿಲ್ಲ. ಪಾಠದ ಒಂದು ಪ್ಯಾರಾ ತಡವರಿಸಿ ಓದುವ ಹುಡುಗ ಯಕ್ಷಗಾನದ ಮರುದಿನ ಶುಂಭನ ಪಾತ್ರದ ಮಾತನ್ನು ನಿಲ್ಲಿಸದೆ ಹತ್ತು ನಿಮಿಷ ಹೇಳಿದ್ದನ್ನು ಕೇಳಿದ್ದೇನೆ. ಅವನಿಗೆ ಕನ್ನಡ ಬರುವುದಿಲ್ಲ ಎಂದು ಮಾರ್ಕು ಹಾಕಿದ್ದೂ ನಾನೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ದಿನಾ ಬಂದವರೆಲ್ಲ ಕಲಿಯುತ್ತಾರೆ ಎಂದೇನೂ ಇಲ್ಲ. ನಮ್ಮದು ಕನ್ನಡ ಶಾಲೆ ಎಂಬುದು ನಿಜ. ಆದರೆ ಒಂದನೇ ಕ್ಲಾಸಿಗೆ ಬರುವ ಮಕ್ಕಳ ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ. ಹವ್ಯಕರ ಮನೆಯದ್ದು ಕನ್ನಡವೇ, ಆದರೂ ಪುಸ್ತಕದ ಕನ್ನಡ ಅಲ್ಲ. ಬೋರ್ಡಿನಲ್ಲಿ ಬೆಕ್ಕಿನ ಚಿತ್ರ ತೂಗುಹಾಕಿ 'ಬ' ಅಕ್ಷರ ಕಲಿಸಲು ನಿಂತಿದ್ದೆ, ಕೆಲಸಕ್ಕೆ ಸೇರಿದ ಹೊಸತು. ಇದೇನು ಎಂದೆ. "ಪುಚ್ಚೆ!" ಎಂದು ಕ್ಲಾಸೇ ಕೂಗಿತು. ತುಳುವರಿಗೂ ಪುಚ್ಚೆ, ಹವ್ಯಕರಿಗೂ ಪುಚ್ಚೆ. ಮಲಯಾಳದವನು ಪೂಚ್ಚ ಎಂದ. ಮೂಲೆಯಿಂದ ಒಬ್ಬಳು ಮಾಜರ ಎಂದಳು. ಬೆಕ್ಕು ಎಂದದ್ದು ನಾನೊಬ್ಬಳೇ. ಮರುದಿನದಿಂದ 'ಪ' ಅಕ್ಷರವನ್ನೇ ಮೊದಲು ಕಲಿಸಿದೆ. ಕಾಸರಗೋಡು ಸಪ್ತಭಾಷೆಗಳ ಸಂಗಮ ಎಂದು ವೇದಿಕೆಯಲ್ಲಿ ಹೇಳುವುದು ಚಂದವೇ. ಒಂದನೇ ಕ್ಲಾಸಿನ ಟೀಚರಿಗೆ ಅದು ಜೂನ್ ತಿಂಗಳ ಕೆಲಸ.

ಇದರ ಉಲ್ಟಾ ಆದದ್ದೂ ಉಂಟು. ನನ್ನ ತಂಗಿಯ ಮಗಳು ಕಲಿಯುತ್ತಿದ್ದ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ ಕಲಿಸಲು ಬಂದ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಒಂದಕ್ಷರವೂ. ಪುಸ್ತಕ ಕನ್ನಡ, ಪಾಠ ಮಲಯಾಳ, ಪರೀಕ್ಷೆ ಮತ್ತೆ ಕನ್ನಡ. ಮೊದಲ ಮೂರು ತಿಂಗಳು ಇವಳು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಗಣಿತ ಇರುವ ದಿನ ತಲೆನೋವು ಶುರುವಾಯಿತು. ಬೈದೆ. "ದೊಡ್ಡಮ್ಮಾ, ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ" ಎಂದಳು. ಉತ್ತರ ಹೊಳೆಯಲಿಲ್ಲ. ಆ ಟೀಚರನ್ನೂ ಒಮ್ಮೆ ನೋಡಿದ್ದೇನೆ. ದೂರದ ತೆಂಕಣ ಜಿಲ್ಲೆಯ ಹುಡುಗಿ, ಕೆಲಸ ಸಿಕ್ಕಿದ್ದೇ ದೊಡ್ಡದು ಎಂದು ಬಂದದ್ದು. ಸ್ಟಾಫ್ ರೂಮಿನಲ್ಲಿ ಕೂತು ಕನ್ನಡ ಅಂಕಿಗಳನ್ನು ಬರೆದು ಕಲಿಯುತ್ತಿದ್ದರು. ಅವರನ್ನು ಬೈದು ಏನು ಪ್ರಯೋಜನ?

ಮಾರ್ಚಿನಲ್ಲಿ ಎಲ್ಲರೂ ಪಾಸು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಕೇರಳದ್ದು 99.69 ಶೇಕಡಾ. ಸಂತೋಷವೇ. ಹಾಗೆ ಪಾಸಾದವರಲ್ಲಿ ಬ್ಯಾಂಕಿನ ಚಲನ್ ತುಂಬಿಸಲು ನನ್ನ ಹತ್ತಿರ ತಂದವರೂ ಇದ್ದಾರೆ. 2024-25ರಿಂದ ಎಂಟನೇ ಕ್ಲಾಸಿನಲ್ಲಿ ಪ್ರತಿ ವಿಷಯದ ಬರವಣಿಗೆ ಪರೀಕ್ಷೆಗೆ 30 ಶೇಕಡಾ ಬೇಕೇ ಬೇಕು, ಬರದಿದ್ದರೆ ರಜೆಯಲ್ಲಿ ಮತ್ತೆ ಪಾಠ, ಮತ್ತೆ ಪರೀಕ್ಷೆ ಎಂದು ಮಾಡಿದ್ದಾರೆ. ಒಳ್ಳೆಯದೇ. ಆದರೆ ಎಂಟನೇ ಕ್ಲಾಸಿನಲ್ಲಿ ಸಿಕ್ಕಿಬಿದ್ದ ಮಗು ಸಾಲ ತರುವುದನ್ನು ತಪ್ಪಿಸಿಕೊಂಡದ್ದು ಮೂರನೇ ಕ್ಲಾಸಿನ ಒಂದು ಮಂಗಳವಾರ ಇರಬಹುದು.

ಗೇರುಮರದ ಬುಡದ ಇಬ್ಬರನ್ನು ಅವತ್ತು ನಾನೇ ಶಾಲೆಗೆ ಬಿಟ್ಟು ಬಂದೆ. ಹೊಸ ಟೀಚರ್ ಬಾಗಿಲಿಗೆ ಬಂದು, "ಥ್ಯಾಂಕ್ಸ್ ಟೀಚರೇ, ನಿನ್ನೆ ನಮ್ಮ ಸಂಖ್ಯೆ ಆಯಿತು" ಎಂದರು. ಒಳ್ಳೆಯ ಹುಡುಗಿ. ಪೋಸ್ಟು ಉಳಿದ ಸಮಾಧಾನ ಮುಖದಲ್ಲಿತ್ತು. ನನಗೂ ಆ ಸಮಾಧಾನ 29 ಸಲ ಆಗಿದೆ. ನೋಟ್‌ಬುಕ್ ಕೊಡಲಾ ಎಂದು ಕೇಳಿದೆ. ಖಾಲಿಯದ್ದು.

ಆ ಮಂಗಳವಾರದ ಹುಡುಗ ಈಗ ದೋಟಿ (ಉದ್ದ ಕೋಲು) ಹಿಡಿದು ಅಡಿಕೆ ತೋಟಗಳಿಗೆ ಮದ್ದು ಬಿಡುವ ಕೆಲಸ ಮಾಡುತ್ತಾನೆ. ದಿನಕ್ಕೆ ನನ್ನ ಮೊದಲ ತಿಂಗಳ ಸಂಬಳಕ್ಕಿಂತ ಜಾಸ್ತಿ ಸಂಪಾದನೆ ಎಂದು ನನ್ನವರು ತಮಾಷೆ ಮಾಡುತ್ತಾರೆ. ಕಳೆದ ತಿಂಗಳು ನಮ್ಮ ತೋಟಕ್ಕೂ ಬಂದಿದ್ದ. ಮೈಯೆಲ್ಲ ಬೋರ್ಡೋ ದ್ರಾವಣದ ನೀಲಿ. ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟೆ. ಮದುವೆಯಾಗಿದೆ, ಮಗಳು ಅಂಗನವಾಡಿಗೆ ಹೋಗುತ್ತಾಳೆ ಎಂದ. ದಿನಾ ಹೋಗ್ತಾಳಾ ಎಂದು ಕೇಳಿದೆ. ಅಭ್ಯಾಸ, ಬಿಡುವುದಿಲ್ಲ.

"ಹೋಗ್ತಾಳೆ ಟೀಚರ್," ಎಂದ. ಲೋಟ ಕೆಳಗಿಟ್ಟು ನಕ್ಕ. "ಈಗ ಮನೆಯಲ್ಲಿ ಗ್ಯಾಸು ಉಂಟು."